ಸೀಟಿ ಊದದ ಮಧ್ಯಾಹ್ನ

ಗಾಜಿನ ಬೀರು ತೆಗೆದ ಕೂಡಲೇ ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಕೇರಿಯ ಡ್ರಿಲ್ ಮೇಷ್ಟ್ರ ನೆನಪಿಗೆಂದು ಹೊಸದಾಗಿ ಮಾಡಿರುವ ಸಂಗ್ರಹಾಲಯ ಅದು. ದೊಡ್ಡದೇನಲ್ಲ, ಅವರು ಬಾಳಿದ ಮನೆಯ ಎರಡು ಕೋಣೆ. ಒಳಗೆ ಅವರ ಪದಕಗಳು, ಹಿಮ್ಮಡಿ ಸವೆದ ಕ್ಯಾನ್ವಾಸ್ ಶೂ, ಎಣ್ಣೆ ಹಚ್ಚಿ ಮಂಡಿಗೆ ಸುತ್ತಿಕೊಳ್ಳುತ್ತಿದ್ದ ಬಟ್ಟೆಪಟ್ಟಿ, ಒಂದು ಸೀಟಿ...

ನಂಜನಗೂಡಿನ ನಮ್ಮ ಕಡೆಯಿಂದ ರಾಜ್ಯದ ಓಟಕ್ಕೆ ಹೋದ ಮೊದಲ ದಲಿತ ಹುಡುಗ ಅವರೇ. ಆಮೇಲೆ ಊರಿಗೆ ಬಂದು ಡ್ರಿಲ್ ಮೇಷ್ಟ್ರಾದರು. ಕೇರಿಯ ಹೆಣ್ಣುಮಕ್ಕಳು ಲಂಗ ಎತ್ತಿಕಟ್ಟಿ ಓಡಲು ಕಲಿತದ್ದು ಅವರಿಂದ. ಗದರುವುದರಲ್ಲಿ ಎತ್ತಿದ ಕೈ. “ಏನವ್ವಾ, ಎಮ್ಮೆ ಒಡ್ಕೊಂಡ್ ಬತ್ತಿದ್ದೀಯಾ?” ಅಂದರೆ ಸಾಕು, ನಾವು ಬಿದ್ದಂಬೀಳ ಓಡುತ್ತಿದ್ದೆವು.

ನಾನು ಏಳನೇ ತರಗತಿಯಲ್ಲಿದ್ದಾಗ ಹೋಬಳಿ ಕ್ರೀಡಾಕೂಟ ಬೇರೆ ಊರಿನಲ್ಲಿ ನಡೆಯಿತು. ಓಟದಲ್ಲಿ ನಾನೇ ಮೊದಲು ಬಂದೆ. ಗಂಟಲು ಒಣಗಿತ್ತು. ನೀರಿನ ಕೊಳಗದ ಬಳಿ ನಿಂತಿದ್ದ ಆ ಊರಿನ ಹಿರಿಯರೊಬ್ಬರು ಎರಡನೆಯವಳಾಗಿ ಬಂದ ಹುಡುಗಿಗೆ ಲೋಟದಲ್ಲಿ ನೀರು ಕೊಟ್ಟರು. ನಾನು ಯಾವ ಕೇರಿಯವಳೆಂದು ಕೇಳಿ, ಚೊಂಬನ್ನು ಮೇಲೆತ್ತಿ ಹಿಡಿದರು. ಅಭ್ಯಾಸದಂತೆ ಬೊಗಸೆ ಒಡ್ಡಿದೆ. ಮೇಷ್ಟ್ರು ಎಲ್ಲಿದ್ದರೋ, ಬಂದು ನನ್ನ ಕೈ ಕೆಳಗಿಳಿಸಿದರು.

“ಲೋಟದಲ್ಲಿ ಕೊಡಿ ಸಾ.”

ಹಿರಿಯರು ಕೇಳಿಸದವರಂತೆ ಮುಖ ತಿರುಗಿಸಿದರು.

ಅವತ್ತು ಎಲ್ಲ ಓಟಗಳಿಗೂ ಸೀಟಿ ಊದುವವರು ನಮ್ಮ ಮೇಷ್ಟ್ರೇ. ನೆಟ್ಟಗೆ ಹೋದವರು ಓಟ ಶುರುವಾಗುವ ಸುಣ್ಣದ ಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಸೀಟಿ ಜೇಬಿಗೆ ಸೇರಿತು. “ಈ ಕೂಸು ಲೋಟದಲ್ಲಿ ಕುಡಿಯೋಗಂಟ ಸೀಟಿ ಊದಕಿಲ್ಲ!”

ಮುಂದಿನ ಓಟದ ಹುಡುಗರು ಗೆರೆಯ ಹಿಂದೆ ಮುಖ ಮುಖ ನೋಡಿಕೊಂಡರು. ಮುಖ್ಯ ಅತಿಥಿಗಳು ಶಾಮಿಯಾನದಡಿ ಬೆವರು ಒರೆಸಿಕೊಂಡರು. “ಕೆಲ್ಸ ಓಯ್ತದೆ ಕಣ್ರೀ, ಎದ್ದೇಳಿ” ಎಂದು ಹೆಡ್ಮಾಸ್ಟರು ಗೋಗರೆದರು. “ಓದ್ರೆ ಓಗ್ಲಿ ಸಾ” ಅಂದರು ಮೇಷ್ಟ್ರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ನನಗೆ ಬಾಯಾರಿಕೆಯೇ ಮರೆತುಹೋಯಿತು.

ಕೊನೆಗೆ ಎರಡನೆಯವಳಾಗಿ ಬಂದಿದ್ದ ಆ ಹುಡುಗಿಯೇ ತನ್ನ ಲೋಟ ತುಂಬಿಸಿ ತಂದು ನನ್ನ ಕೈಗಿಟ್ಟಳು. ಅಂಚಿಗೆ ತುಟಿಯಿಟ್ಟು ಗಟಗಟ ಕುಡಿದೆ. ಮಿಕ್ಕದ್ದನ್ನು ಅವಳು ಕುಡಿದಳು. ಆಗ ಮೇಷ್ಟ್ರು ಎದ್ದು, ಚಡ್ಡಿಗೆ ಮೆತ್ತಿದ ಸುಣ್ಣ ಕೊಡವಿ, ಸೀಟಿ ಊದಿದರು.

ಕೆಲಸ ಹೋಗಲಿಲ್ಲ, ದೂರದ ಊರಿಗೆ ವರ್ಗವಾಯಿತು. ಹೋಗುವ ಮುಂಚೆ ಒಂದು ಸ್ಟೀಲ್ ಲೋಟ ಕೊಂಡು ಚೀಲಕ್ಕೆ ಹಾಕಿಕೊಂಡರು. ಅಲ್ಲಿಂದಾಚೆ ಅವರಿದ್ದ ಮೈದಾನದಲ್ಲಿ ಓಡಿದ ಮಕ್ಕಳು ಯಾರೇ ಆಗಲಿ, ಆ ಲೋಟದಲ್ಲೇ ಕುಡಿಯಬೇಕು. ಒಲ್ಲೆ ಅಂದರೆ ಸೀಟಿ ಜೇಬಿನಲ್ಲೇ!

ಈಗ ನಾನು ತಿ. ನರಸೀಪುರದಲ್ಲಿ ಡ್ರಿಲ್ ಟೀಚರ್. ಮೊನ್ನೆ ನನ್ನ ಶಾಲೆಯ ಮಕ್ಕಳನ್ನೆಲ್ಲ ಮೇಷ್ಟ್ರ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಲೋಟ ಬೀರುವಿನಲ್ಲಿರಲಿಲ್ಲ, ಬಾಗಿಲ ಬಳಿಯ ನೀರಿನ ಮಡಕೆಯ ಮೇಲಿತ್ತು. “ಗಾಜ್ನೊಳ್ಗಿಟ್ರೆ ಅವ್ರು ಬಯ್ಯಾಕಿಲ್ವಾ? ಕುಡೀರವ್ವಾ” ಅಂದರು ಮೇಷ್ಟ್ರ ಹೆಂಡತಿ. ಎಲ್ಲ ಕೇರಿಯ ಮಕ್ಕಳೂ ಒಂದೇ ಲೋಟಕ್ಕೆ ಕಿತ್ತಾಡುವುದನ್ನು ನೋಡಿ ನನ್ನ ಎದೆಯುಬ್ಬಿತು.

ಬೀರುವಿನಿಂದ ಸೀಟಿ ತೆಗೆದು ನೋಡಿದೆ. ಅದರ ತುದಿಯಲ್ಲಿ ಅವರ ಹಲ್ಲಿನ ಗುರುತಿತ್ತು... ದಿನಾ ಸೀಟಿ ಊದುವ ನನಗೆ ಅದನ್ನು ಊದಲು ಮನಸ್ಸು ಬರಲಿಲ್ಲ. ಮೇಷ್ಟ್ರಿಲ್ಲ. ಸೀಟಿಯನ್ನು ಇದ್ದಲ್ಲೇ ಇಟ್ಟು ಗಾಜಿನ ಬಾಗಿಲು ಮುಚ್ಚಿದೆ. ಆಮೇಲೆ ಹೋಗಿ, ನೀರಿಗೆ ನಿಂತ ಮಕ್ಕಳ ಹಿಂದೆ ನಾನೂ ನಿಂತೆ.