ಕೋಶಕೇಂದ್ರದ ಅಂಚಿನ ಬಿಳಿ ಜಾಗಗಳು

ಗದಗದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಎರಡು ವಿಷಯದಲ್ಲಿ ಹೆಮ್ಮೆ. ಬೋರ್ಡಿನ ಮೇಲೆ ಬರಿಗೈಯಲ್ಲೇ ದುಂಡನೆಯ ವೃತ್ತ ಬರೆಯುತ್ತೇನೆ, ಮತ್ತು ವಿದ್ಯಾರ್ಥಿಗಳು ನನಗೆ ಹೆದರುತ್ತಾರೆ. ಎರಡನೆಯದು ಹೆಮ್ಮೆಪಡುವ ಸಂಗತಿಯಲ್ಲ ಎಂದು ನನ್ನ ಗಂಡ ಹೇಳುತ್ತಲೇ ಇರುತ್ತಾರೆ. ಕೇಳುವವರು ಯಾರು!

ಕೋಶಕೇಂದ್ರದ ಚಿತ್ರವೆಂದರೆ ನನಗೆ ಅಚ್ಚುಮೆಚ್ಚು. ವೃತ್ತದೊಳಗೆ ಕ್ರೊಮ್ಯಾಟಿನ್, ಅಂದರೆ ಪ್ರೋಟೀನುಗಳಿಗೆ ಸುತ್ತಿಕೊಂಡ ಡಿಎನ್‌ಎ ದಾರ. ಸದ್ಯ ಕೆಲಸವಿಲ್ಲದ ಭಾಗ ಬಿಗಿಯಾಗಿ ಮಡಿಚಿಕೊಂಡು, ಪೊರೆಯ ಒಳಮೈಯಲ್ಲಿರುವ ಲ್ಯಾಮಿನಾ ಎಂಬ ಪ್ರೋಟೀನಿನ ಬಲೆಗೆ ಅಂಟಿ ಕೂತಿರುತ್ತದೆ. ಕೆಲಸ ನಡೆದಿರುವ ಭಾಗ ಹೆಚ್ಚಾಗಿ ಒಳಗಡೆ ಸಡಿಲಾಗಿ ಹರಡಿರುತ್ತದೆ. ಸೀಮೆಸುಣ್ಣ ಅಡ್ಡ ಹಿಡಿದು ಅಂಚಿನಗುಂಟ ಒಂದು ದಪ್ಪ ಪಟ್ಟಿ ಎಳೆದೆನೆಂದರೆ ಚಿತ್ರ ಮುಗಿಯಿತು. ಪೊರೆಯಲ್ಲಿ ರಂಧ್ರಗಳಿವೆ ಎಂದು ಪಟ್ಟಿಯ ಹೊರಗೆ ಚುಕ್ಕೆ ಇಟ್ಟು ತೋರಿಸುತ್ತಿದ್ದೆ. ಎಷ್ಟೋ ವರ್ಷ ಹಾಗೆಯೇ ಕಲಿಸಿದ್ದೇನೆ.

ಹೋದ ವರ್ಷ ಧಾರವಾಡದ ವಿದ್ಯಾರ್ಥಿ ಸೆಮಿನಾರಿಗೆ ಕಾಲೇಜಿನಿಂದ ಒಬ್ಬರನ್ನು ಕಳಿಸಬೇಕಿತ್ತು. ಕಿರುಪರೀಕ್ಷೆಯಲ್ಲಿ ಮೊದಲು ಬಂದವರು ಹೋಗಲಿ ಎಂದೆ. ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿಗೆ ಅದರ ಮೇಲೆ ಬಹಳ ಆಸೆಯಿತ್ತು. ಅಪ್ಪ ಹತ್ತಿ ತುಂಬಿ ಹಾಸಿಗೆ, ಅಂದರೆ ಗಾದಿ ಮಾಡುವವರು. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದಳು. ಒಳಗೊಳಗೇ ನನಗೆ ಅವಳೆಂದರೆ ಜೀವ.

ಪರೀಕ್ಷೆಯ ಹಾಳೆಯಲ್ಲಿ ಅವಳು ಬರೆದ ಕೋಶಕೇಂದ್ರದ ಅಂಚಿನ ಪಟ್ಟಿ ಅಲ್ಲಲ್ಲಿ ತುಂಡಾಗಿತ್ತು. ಒಂದೊಂದು ರಂಧ್ರದೆದುರೂ ಬಿಳಿ ಜಾಗ. ಅವಸರದ ಕೆಲಸ ಎಂದು ಸಿಟ್ಟು ಬಂದು ಅಂಕ ಕತ್ತರಿಸಿದೆ. ಅವಳು ಎರಡನೆಯವಳಾದಳು. ಕ್ಲಾಸಿನಲ್ಲಿ ಹಾಳೆ ಹಂಚಿದಾಗ ಎದ್ದು ನಿಂತಳು.

“ಮರ್ತಿಲ್ರಿ ಮೇಡಂ, ಬೇಕಂತನ ಬಿಟ್ಟೇನ್ರಿ. ಆ ತೂತಿನ್ಯಾಗಿಂದ ಸಾಮಾನು ಹೋಗೂದು ಬರೂದು ಮಾಡ್ತಾವಲ್ರಿ...”

“ಭಾಳ ಶಾಣ್ಯಾಕಿ ಆಗಬ್ಯಾಡ. ಕುಂಡರ ಸುಮ್ನ,” ಎಂದೆ. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಅವಳು ಪ್ರಶ್ನೆ ಕೇಳುವುದನ್ನೇ ಬಿಟ್ಟಳು.

ಹೆಸರು ಕಳಿಸಲು ಎರಡು ದಿನ ಇರುವಾಗ, ಪುಸ್ತಕದಲ್ಲಿ ಹೆಬ್ಬೆರಳಷ್ಟಿದ್ದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವೊಂದನ್ನು ಮೊದಲ ಸಲ ಪ್ರೊಜೆಕ್ಟರಿನಲ್ಲಿ ಗೋಡೆಯಷ್ಟು ದೊಡ್ಡದು ಮಾಡಿ ನೋಡಿದೆ. ಅಂಚಿನ ಕಪ್ಪು ಪಟ್ಟಿ ರಂಧ್ರ ಬಂದಲ್ಲೆಲ್ಲ ನಿಂತು, ದಾರಿ ಬಿಟ್ಟು, ಆಚೆ ಮತ್ತೆ ಶುರುವಾಗಿತ್ತು. ಥೇಟ್ ಅವಳು ಬರೆದ ಹಾಗೆ. ನಾಚಿಕೆಯಿಂದ ಕುಗ್ಗಿಹೋದೆ.

ಮರುದಿನ ಭಾನುವಾರ. ಲಕ್ಷ್ಮೇಶ್ವರಕ್ಕೆ ಹೊರಟೆ. ತಪ್ಪೊಪ್ಪಿಕೊಳ್ಳಲೆಂದೇ ಹೋಗುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹತ್ತಿ ಹಿಂಜಿಸುವ ನೆಪ ಮಾಡಿಕೊಂಡು ಮನೆಯ ಹಳೆಯ ಗಾದಿಯನ್ನು ಸುತ್ತಿ ಬಸ್ಸಿಗೆ ಏರಿಸಿದೆ. “ಮೇಡಮ್ಮಾರ, ಇದಕ್ಕೂ ಒಂದ್ ಸೀಟ್ ಬೇಕೇನ್ರಿ?” ಎಂದ ಕಂಡಕ್ಟರ್.

ಅವರ ಮನೆಯ ಮುಂಭಾಗವೇ ಅಂಗಡಿ. ಸುತ್ತಿ ಕಟ್ಟಿದ ಗಾದಿಗಳು ಗೋಡೆಗೆ ಒತ್ತಿಕೊಂಡು ಸೂರಿನವರೆಗೆ ಏರಿದ್ದವು. ನಡುವೆ ಹತ್ತಿ ಹರವಿಕೊಂಡು ಅವಳ ಅಪ್ಪ ಕೆಲಸ ಮಾಡುತ್ತಿದ್ದರು. ಏದುಸಿರು ಬಿಡುತ್ತ ನನ್ನ ಗಾದಿಯನ್ನು ಹೊಸ್ತಿಲ ಒಳಗೇ ಧೊಪ್ಪೆಂದು ಇಳಿಸಿದೆ.

“ಅಲ್ಲಿ ಇಡಬ್ಯಾಡ್ರಿ ಮೇಡಮ್ಮಾರ,” ಎಂದರು ಅವರು. “ಗ್ವಾಡಿಗೆ ಎಷ್ಟರೇ ಒಟ್ರಿ, ಬಾಗಲಾ ಖಾಲಿ ಇರಬೇಕು. ಮಂದಿ ಹ್ಯಾಂಗ ಅಡ್ಡಾಡಬೇಕು?”

ಒಳಗಿನಿಂದ ಬಂದ ಹುಡುಗಿ ನನ್ನನ್ನೂ ಗಾದಿಯನ್ನೂ ನೋಡಿ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ನನಗೂ ನಗು ತಡೆಯಲಾಗಲಿಲ್ಲ. ಆ ಬಿಳಿ ಜಾಗವನ್ನು ಅವಳಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ, ಹುಟ್ಟಿದಾಗಿನಿಂದ ಈ ಮನೆ ಕಲಿಸಿತ್ತು.

ಚಹಾ ಬಂತು. “ನೀ ಬರದದ್ದ ಖರೆ ಐತಿ. ತಪ್ಪು ನಂದು. ನಾಳೆ ನಿನ್ನ ಹೆಸರು ಕಳಸ್ತೇನಿ,” ಎಂದೆ. ಅಪ್ಪನ ಮುಖ ಅರಳಿತು. ಅವಳದು ಅರಳಲಿಲ್ಲ.

“ಇಲ್ಲಿ ಹೇಳಿದ್ರ ಹ್ಯಾಂಗ್ರಿ ಮೇಡಂ? ಬೈದದ್ದು ಕ್ಲಾಸಿನ್ಯಾಗ ಅಲ್ರಿ?”

ಅಪ್ಪ ಗದರಲು ಹೋದರು, ನಾನು ತಡೆದೆ. ಅವಳ ಮಾತು ನ್ಯಾಯವಾಗಿತ್ತು.

ಸೋಮವಾರ ಬೆಳಿಗ್ಗೆ, ಮೊದಲು ಬಂದಿದ್ದ ಹುಡುಗನನ್ನು ಕರೆದು ವಿಷಯ ಹೇಳಿ ಕ್ಷಮೆ ಕೇಳಿದೆ. ಪಾಪ, ಅವನಿಗೂ ಬೇಸರವಾಯಿತು. ಆಮೇಲೆ ಕ್ಲಾಸಿನಲ್ಲಿ ಚಿತ್ರ ಬರೆದು, ಒಂದೊಂದು ರಂಧ್ರದೆದುರೂ ಪಟ್ಟಿಯನ್ನು ಬೆರಳಿನಿಂದ ಒರೆಸಿದೆ. “ಇಷ್ಟ ವರ್ಷ ನಾ ತಪ್ಪು ಕಲಿಸೇನಿ. ಈಕಿ ಸರಿ ಬರದಿದ್ಲು, ನಾ ಬೈದೆ,” ಎಂದೆ. ಯಾರೂ ನಗಲಿಲ್ಲ.

ಅವಳು ಎದ್ದು ನಿಂತಳು. “ಮೇಡಂ, ಹಂಗಾದ್ರ ಆ ಜಾಗಾ ತುಂಬದಂಗ ಕಾಯೋದು ಯಾವುದ್ರಿ?”

ನನಗೆ ಅಳು ಬಂದಂತಾಯಿತು, ಸಂತೋಷಕ್ಕೆ.

“ನನಗ ಗೊತ್ತಿಲ್ಲ ನೋಡವ್ವಾ,” ಎಂದೆ. “ಧಾರವಾಡದಾಗ ಕೇಳ್ಕೊಂಡ ಬಂದು ನನಗೂ ಹೇಳು.”