ಮೂರನೇ ಜ್ವರದ ದಿನ ಕಂಪ್ಯೂಟರಿನೊಳಗಿನ ಸದ್ದು

ಪ್ಲಗ್ ಕಿತ್ತು ಇಟ್ಟಿದ್ದ ಕಂಪ್ಯೂಟರಿನೊಳಗಿಂದ ಸದ್ದು ಬರುತ್ತಿತ್ತು.

ಪಟಪಟ... ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಪಟಪಟ.

ಮಟಮಟ ಮಧ್ಯಾಹ್ನ. ಕಿತ್ತ ವೈರು ಇನ್ನೂ ನನ್ನ ಕೈಯಲ್ಲೇ ಇತ್ತು.

ಇಪ್ಪತ್ತು ವರ್ಷದ ಹಿಂದಿನ ಮಾತು. ಹೊಂಗನೂರಿನ ಹತ್ತಿರದ ನಮ್ಮ ಮನೆಯಲ್ಲಿ ಆಗ ತಾರಸಿ ಇದ್ದದ್ದು ರೇಷ್ಮೆ ಹುಳು ಸಾಕುವ ಕೋಣೆಗೆ ಮಾತ್ರ. ನಾವು ಮಲಗುತ್ತಿದ್ದದ್ದು ಹೆಂಚಿನ ಕೆಳಗೆ, ಹುಳುಗಳಿಗೆ ಆರ್‌ಸಿಸಿ.

ಯಜಮಾನರು ಕೆಲಸಕ್ಕಿದ್ದ ಬಿಡದಿ ಕಡೆಯ ಫ್ಯಾಕ್ಟರಿಯಲ್ಲಿ ಹಳೇ ಕಂಪ್ಯೂಟರುಗಳನ್ನು ಮಾರಿದಾಗ ಒಂದನ್ನು ಮನೆಗೆ ತಂದರು. ಸೋರದ ಜಾಗ, ಸರಿಯಾದ ಪ್ಲಗ್ ಪಾಯಿಂಟ್ ಎರಡೂ ಇದ್ದದ್ದು ಹುಳುವಿನ ಕೋಣೆಯಲ್ಲೇ. ಅಲ್ಲೇ ಒಂದು ಮೂಲೆಯಲ್ಲಿ ಇಟ್ಟೆವು.

ಅದರಲ್ಲಿ ನನ್ನ ಕವಿತೆಗಳಿದ್ದವು. ನಾಲ್ಕು ವರ್ಷದವು. ಕಾಗದದ ಮೇಲೆ ಒಂದೂ ಇರಲಿಲ್ಲ. ಎಂ.ಎ. ನೋಟ್ಸ್ ಟೈಪ್ ಮಾಡ್ತೀನಿ ಅಂತ ಮನೆಯವರಿಗೆಲ್ಲ ಹೇಳಿದ್ದೆ.

ಆ ಬೆಳಿಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗಿತು, ಮೂರು ಉದ್ದ ಬೀಪ್ ಬಂತು, ಸ್ಕ್ರೀನ್ ಕಪ್ಪಗೇ ಉಳಿಯಿತು. ಮಧ್ಯಾಹ್ನದ ತನಕ ಹತ್ತು ಸಲ ಮಾಡಿದೆ. ಹತ್ತು ಸಲವೂ ಅಷ್ಟೇ. ಕೊನೆಗೆ ಪ್ಲಗ್ಗೇ ಕಿತ್ತೆ. ಆಗ ಕೇಳಿಸಿತು ಆ ಪಟಪಟ.

ಅವತ್ತು ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಕಳಚುವ ಹೊತ್ತು. ಸಾವಿರಾರು ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ಇರುತ್ತವೆ. ಬೇರೆ ದಿನ ಕೋಣೆಯ ತುಂಬ ಕೇಳುವ ಮೇಯುವ ಸದ್ದು ಅವತ್ತು ಪೂರ್ತಿ ನಿಂತುಹೋಗುತ್ತದೆ. ಇಲ್ಲದಿದ್ದರೆ ನನಗೆ ಏನೂ ಕೇಳಿಸುತ್ತಿರಲಿಲ್ಲ.

ಅತ್ತೆಯನ್ನು ಕರೆದೆ. ಅವರೂ ಕಿವಿಗೊಟ್ಟರು. ಮುಖ ಸಣ್ಣದಾಯಿತು.

"ಅದ್ಕೂ ಜ್ವರ ಬಂದೈತೆ. ಮುಟ್ಬ್ಯಾಡ ಕಣವ್ವ."

ತಮಾಷೆಗೆ ಅಂದರೋ ನಿಜಕ್ಕೇ ಅಂದರೋ ತಿಳಿಯಲಿಲ್ಲ. ಕರೆಂಟಿಲ್ಲದೆ ಸದ್ದು ಮಾಡುವಂಥದ್ದು ಹುಳುವಿನ ಮನೆಯಲ್ಲಿ ಇರಬಾರದು, ಸಂಜೆ ಮಗ ಬಂದ ಮೇಲೆ ಗುಜರಿಗೆ ಹಾಕಿಸುತ್ತೀನಿ ಅಂದರು.

ಬೇಡ ಅಂದರೆ ಯಾಕೆ ಅಂತ ಹೇಳಬೇಕಲ್ಲ.

ಚನ್ನಪಟ್ಟಣದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ನಯಾಜ್ ಭಾಯಿಗೆ ಫೋನ್ ಮಾಡಿದೆ. ಊಟ ಮುಗಿಸಿ ಸ್ಕೂಟರಿನಲ್ಲಿ ಬಂದರು. ಆದರೆ ಜ್ವರದ ದಿನ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಅತ್ತೆ ಸ್ವಂತ ತಮ್ಮನನ್ನೂ ಬಿಡುತ್ತಿರಲಿಲ್ಲ. ಕಂಪ್ಯೂಟರನ್ನು ಹೊರಗೆ ತರಬೇಕೆಂದರೆ ಹುಳುವಿನ ತಟ್ಟೆಗಳ ಸ್ಟ್ಯಾಂಡ್ ಸರಿಸಬೇಕು. ಜ್ವರಕ್ಕೆ ಕೂತ ಹುಳುವನ್ನು ಅಲುಗಿಸುವುದಂತೂ ಆಗದ ಮಾತು.

ನಯಾಜ್ ಭಾಯಿ ತಾವೇ ಬಾಗಿಲಿಂದ ಹಿಂದೆ ಸರಿದರು. "ನಮ್ದೂ ಗೂಡಿಂದ ನೂಲು ತೆಗೆಯೋ ಮನೇನೇ ಅಮ್ಮ, ಗೊತ್ತಿಲ್ವಾ? ಕಿಟಕೀಲೇ ನಿಂತ್ಕೋತೀನಿ ಬಿಡಿ."

ಕಿಟಕಿಯ ಆಚೆ ಅವರು, ಈಚೆ ನಾನು. ಒಂದು ಸಲ ಆನ್ ಮಾಡಿಸಿ, ಕಣ್ಣು ಮುಚ್ಚಿಕೊಂಡು ಬೀಪ್ ಕೇಳಿದರು. ರ‍್ಯಾಮ್ ತೊಂದರೆ, ಅದು ಸಿಗದೆ ಮಷೀನು ಏಳುತ್ತಿಲ್ಲ ಅಂದರು. ಒಳಗಿರುವ ಬರಹ ಉಳಿದಿದೆಯಾ ಅಂತ ಪಿಸುಮಾತಲ್ಲಿ ಕೇಳಿದೆ. ಅದು ಬೇರೆ ಕಡೆ ಇರುತ್ತದೆ, ಆದರೆ ಬಿಚ್ಚಿ ನೋಡದೆ ಮಾತು ಕೊಡಲ್ಲ ಅಂದರು.

ಪ್ಲಗ್ ಕಿತ್ತೆ. ಪಟಪಟ ಮತ್ತೆ ಶುರುವಾಯಿತು.

ಅವರಿಗೂ ಕೇಳಿಸಿತು. ಪ್ಲಗ್ ಕಿತ್ತಿದ್ದೀರಲ್ಲ ಅಂತ ಎರಡು ಸಲ ಕೇಳಿದರು. ಆಮೇಲೆ ಬಹಳ ನಿಧಾನವಾಗಿ, ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಅಂತ ಹೇಳತೊಡಗಿದರು.

ಪಕ್ಕದ ತಗಡು ತೆಗೆದೆ.

ಒಳಗೆಲ್ಲ ಬಿಳಿ. ಜ್ವರದ ದಿನ ತಟ್ಟೆ ಒಣಗಿರಲಿ ಅಂತ ನಾವು ಉದುರಿಸುವ ಸುಣ್ಣದ ಪುಡಿಯನ್ನು ಆ ಫ್ಯಾನು ನಾಲ್ಕು ವರ್ಷ ಒಳಗೆಳೆದುಕೊಂಡಿತ್ತು. ಆ ಬಿಳಿಯ ನಡುವೆ ಇನ್ನೊಂದು ಬಿಳಿ ಅಲುಗುತ್ತಿದೆ...

ಚಿಟ್ಟೆ.

ಹೋದ ಬೆಳೆಯ, ಗೂಡು ಕಟ್ಟಲು ಹಣ್ಣಾದ ಹುಳು ಒಂದು, ಹಿಂಭಾಗದ ತಗಡು ಬಿದ್ದುಹೋದ ಸಂದಿಯಿಂದ ಒಳಗೆ ಹೋಗಿದೆ. ಬೆಚ್ಚಗಿದ್ದ ಮೂಲೆ ಹುಡುಕಿ ರ‍್ಯಾಮಿಗೆ ಒರಗಿಸಿಯೇ ಗೂಡು ಕಟ್ಟಿದೆ. ಈಗ ಗೂಡಿನ ತುದಿಯಲ್ಲಿ ತೂತು. ಹೊರಬರುವಾಗ ಬಿಟ್ಟ ಕಂದು ನೀರು ರ‍್ಯಾಮಿನ ಹಲ್ಲುಗಳ ಮೇಲೆಲ್ಲ ಹರಿದಿತ್ತು. ಹಸಿರು ಬೋರ್ಡಿನ ಮೇಲೆ ಸಾಲಾಗಿ ಹಳದಿ ಮೊಟ್ಟೆಗಳು.

ಬಾಗಿಲಲ್ಲಿದ್ದ ಅತ್ತೆಯೂ ಹತ್ತಿರ ಬಂದು ಬಗ್ಗಿ ನೋಡಿದರು. ನಮ್ಮ ಗೂಡುಗಳು ವಾರದೊಳಗೆ ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತವೆ, ಅಲ್ಲಿಂದ ನೂಲು ತೆಗೆಯಲು ನಯಾಜ್ ಭಾಯಿಯಂಥವರ ಮನೆಯ ಬಿಸಿನೀರಿಗೆ. ರೆಕ್ಕೆ ಬರುವ ತನಕ ಯಾರೂ ಬಿಡುವುದಿಲ್ಲ.

"ಇಷ್ಟು ಹತ್ರದಿಂದ ನಾನೂ ನೋಡಿರ್ಲಿಲ್ಲ," ಅಂದರು ಅವರು, ಕಿಟಕಿಯ ಸರಳು ಹಿಡಿದು.

ಚಿಟ್ಟೆಯನ್ನು ಅತ್ತೆ ಸೆರಗಿನಲ್ಲಿ ಎತ್ತಿಕೊಂಡು ಹೊರಗೆ ಹೋದರು. ಎಲ್ಲಿ ಬಿಟ್ಟರು ಅಂತ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಗೂಡಿನ ಎಳೆಗಳನ್ನು ಬಿಡಿಸಿದೆ. ರ‍್ಯಾಮ್ ಕಿತ್ತು, ಪೆನ್ಸಿಲ್ ರಬ್ಬರಿನಲ್ಲಿ ಅದರ ಹಲ್ಲು ಹೊಳೆಯುವ ತನಕ ಉಜ್ಜಿದೆ. ಮೊಟ್ಟೆಗಳ ಹತ್ತಿರ ಬಂದಾಗ ಕೈ ನಿಂತಿತು. ಅವನ್ನೂ ಒರೆಸಿ ಅಮ್ಮ, ಇಲ್ದಿದ್ರೆ ಏಳಲ್ಲ ಅಂದರು ನಯಾಜ್ ಭಾಯಿ. ಒರೆಸಿದೆ.

ಒಂದೇ ಒಂದು ಸಣ್ಣ ಬೀಪ್. ಸ್ಕ್ರೀನ್ ಬೆಳಗಿತು. ಫೋಲ್ಡರ್ ತೆರೆದೆ, ಎಲ್ಲ ಇದ್ದವು.

ಅವರು ಹೊರಟ ಮೇಲೆ ಅತ್ತೆ ಒಳಗೆ ಬಂದು, ನನ್ನ ಕಡೆ ನೋಡದೆ ತಟ್ಟೆಗೆ ಸುಣ್ಣ ಉದುರಿಸುತ್ತಾ ಕೇಳಿದರು.

"ನಿನ್ ಪದ ಎಲ್ಲಾ ಐತಾ?"

ಯಾವ ಪದ ಅಂದೆ.

"ಬರೀತಾ ಬರೀತಾ ಬಾಯಾಗೆ ಯೋಳ್ಕತೀಯಲ್ಲ, ಅವೇಯ. ಹುಳ ಜ್ವರಕ್ಕೆ ಕೂತ ದಿನ ಕೊಟ್ಟಿಗೆಗಂಟ ಕೇಳ್ತವೆ."

ಗೊತ್ತಿದ್ದೂ ಗುಜರಿಗೆ ಅಂದಿರಾ ಅಂತ ಕೇಳಿದೆ.

"ಹೆದ್ರಿಕೆಗೆ ಅಂದ್ಬುಟ್ಟೆ, ಬುಡವ್ವ."

ನಾನು ಬಾಯಿ ಬಿಟ್ಟು ಓದುತ್ತಿದ್ದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ನಾಲ್ಕು ವರ್ಷ ಆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ ಅಂದುಕೊಂಡಿದ್ದೆ... ನೀವು ಹಾಗೆ ಅಂದುಕೊಂಡಿರುವ ಕೋಣೆ ಯಾವುದು?