ಗುಫೂಲಿನ ಅಡಿಗೆಮನೆಗೆ ಬಂದ ಆಫ್ರಿಕದ ಹುಡುಗಿ

ನನ್ನ ಕಪಾಟಿನಲ್ಲಿ ಬಂಗುಡೆಯ ವಾಸನೆ ಬೀರುವ ಒಂದು ಕಾದಂಬರಿಯಿದೆ. ಪುಸ್ತಕವೆಂದರೆ ಹೊಸ ಕಾಗದದ, ಹಳೆಯ ಕಾಗದದ, ಹೆಚ್ಚೆಂದರೆ ನುಸಿಗುಳಿಗೆಯ ವಾಸನೆಯನ್ನಷ್ಟೇ ಬಲ್ಲ ನಿಮಗೆ ಇದು ಸರಸ್ವತಿಗೆ ಮಾಡಿದ ಅಪಚಾರವೆನಿಸಬಹುದು. ಆದರೆ ಬಹರೈನಿನ ಗುಫೂಲ್ ಬಡಾವಣೆಯ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಅಡಿಗೆಮನೆಯೇ ವಾಚನಾಲಯವಾಗಿದ್ದ ಒಂದು ಕಾಲವಿತ್ತು. ಒಗ್ಗರಣೆಯ ಚಟಪಟ, ಹಳೆಯ ಎಸಿಯ ಗೊರಗೊರ ಮತ್ತು ಮಗಳ ಇಂಗ್ಲಿಷ್ ಒಂದರೊಳಗೊಂದು ಬೆರೆತು ಹೋಗುತ್ತಿದ್ದ ಆ ಶುಕ್ರವಾರಗಳನ್ನು ನೆನೆದರೆ ಈಗಲೂ ಜೀವ ಹಿತವಾಗಿ ನೋಯುತ್ತದೆ. ಮಗಳೀಗ ಮೈಸೂರಿನಲ್ಲಿ ಓದುತ್ತಿದ್ದಾಳೆ, ಎದುರು ಮನೆಗೆ ಬೇರೆ ಯಾರೋ ಬಂದಿದ್ದಾರೆ, ಶುಕ್ರವಾರ ಮಾತ್ರ ವಾರಕ್ಕೊಮ್ಮೆ ತಪ್ಪದೆ ಬರುತ್ತದೆ.

ಮಗಳು ಅನ್ವಿತಾ ಆಗ ಹನ್ನೆರಡನೆಯ ತರಗತಿಯಲ್ಲಿದ್ದಳು. ಆಫ್ರಿಕದಿಂದ ಹೊರಟು ಲಂಡನ್ನಿನಲ್ಲೋ ಟೊರಾಂಟೋದಲ್ಲೋ ಬೇರೂರಿದ ಲೇಖಕರ ಇಂದಿನ ಕವಿತೆ, ಕಾದಂಬರಿಗಳ ಮೇಲೆ ಪ್ರಬಂಧ ಬರೆಯಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಕೋಣೆಯ ಬಾಗಿಲು ಹಾಕಿಕೊಂಡರೆ ಇವಳು ಓದುವುದು ಫೋನನ್ನೇ ಎಂಬ ನನ್ನ ತಾಯಿಬುದ್ಧಿಯ ಅನುಮಾನಕ್ಕೆ ಮದ್ದಾಗಿ, ಅಡಿಗೆಮನೆಯಲ್ಲಿ ಕುಳಿತು ಗಟ್ಟಿಯಾಗಿ ಓದಬೇಕೆಂದು ಕಟ್ಟಪ್ಪಣೆ ಮಾಡಿದೆ. ಸಲ್ಮಾನಿಯಾ ಕಡೆಯ ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನ್ನಿಗೆ ಕೂರುತ್ತಿದ್ದ ನನಗೆ ಶುಕ್ರವಾರವೇ ವಾರದ ರಜೆ. ಗಂಡ ಮಾತ್ರ ರಜೆಯಿರಲಿ ಬಿಡಲಿ ಸಿತ್ರಾಕ್ಕೆ ಹೋಗುವ ಕಂಪನಿ ಬಸ್ಸು ಹತ್ತಿಬಿಡುತ್ತಿದ್ದರು.

ಎದುರು ಮನೆಯ ಜುಲೇಖಾ ಕರಿಬೇವು ಕೇಳಲು ಬಂದವಳು ಹಾಗೇ ಉಳಿದುಬಿಟ್ಟಳು. ಉಳ್ಳಾಲದ ಬ್ಯಾರಿ ಹೆಂಗಸು. ಗಂಡನಿಗೆ ನಮ್ಮ ಕಟ್ಟಡದ ಕೆಳಗೇ ಇದ್ದ ಕೋಲ್ಡ್ ಸ್ಟೋರಿನಲ್ಲಿ, ಅಂದರೆ ಇಲ್ಲಿಯ ಕಿರಾಣಿ ಅಂಗಡಿಯಲ್ಲಿ, ಕೆಲಸ. ಅವನು ಜುಮಾ ನಮಾಜಿಗೆ ಹೊರಟ ಮೇಲೆ ಇವಳು ಮೀನಿನ ಪಾತ್ರೆ ಎತ್ತಿಕೊಂಡು ನಮ್ಮಲ್ಲಿಗೆ ಬರುವಳು. ಮಗಳು ಒಂದು ಪುಟ ಇಂಗ್ಲಿಷಿನಲ್ಲಿ ಓದುವುದು, ನಾನು ಅದನ್ನು ತುಳುವಿಗೂ ಕನ್ನಡಕ್ಕೂ ನಡುವೆ ಎಲ್ಲೋ ಇರುವ ನಮ್ಮ ಮಾತಿಗೆ ಇಳಿಸುವುದು, ಜುಲೇಖಾ ಬಂಗುಡೆಯ ರೆಕ್ಕೆ ಕತ್ತರಿಸುತ್ತ ವಿಮರ್ಶೆ ಮಾಡುವುದು, ಹೀಗೆ ನಮ್ಮ ಸಾಹಿತ್ಯಗೋಷ್ಠಿ ನಡೆಯುತ್ತಿತ್ತು. ಅಜ್ಜಿಯ ಭಾಷೆಯನ್ನು ಕಳೆದುಕೊಂಡವನೊಬ್ಬನ ಕವಿತೆ ಮುಗಿದಾಗ ಆಕೆ ಕತ್ತಿ ಕೆಳಗಿಟ್ಟು, "ನಮ್ಮ ಮಕ್ಕಳದ್ದೂ ಇದೇ ಕತೆ ಅಲ್ವಾ, ನಾನು ಬ್ಯಾರಿಯಲ್ಲಿ ಬೈದ್ರೆ ಅವು ಇಂಗ್ಲಿಷಲ್ಲಿ ಸಾರಿ ಹೇಳ್ತವೆ" ಎಂದಿದ್ದಳು.

ಕಾದಂಬರಿಯ ನಾಯಕಿ ಪಶ್ಚಿಮ ಆಫ್ರಿಕದ ಕಡಲೂರಿನವಳು, ಲಂಡನ್ನಿನಲ್ಲಿ ವೃದ್ಧರ ಆರೈಕೆ ಮಾಡುವವಳು, ಕಾಗದಪತ್ರ ಸರಿಯಿಲ್ಲದವಳು. ಅವಳ ಹೆಸರು ನನ್ನ ನಾಲಿಗೆಗೆ ಒಗ್ಗದೆ ನಾನು "ನಮ್ಮ ಹುಡುಗಿ" ಎಂದೇ ಕರೆಯುತ್ತ ಹೋದೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವರು ಕುಟ್ಟುವ ಗೆಡ್ಡೆಯನ್ನು ಮರಗೆಣಸು ಮಾಡಿದೆ, ಅವರ ಬಂದರನ್ನು ನಮ್ಮ ಬಂದರಿನಂತೆ ಬಣ್ಣಿಸಿದೆ, ಅವಳ ಅತ್ತೆಯ ಬಾಯಿಗೆ ನಮ್ಮೂರ ಬೈಗುಳ ತುರುಕಿದೆ. ಪರಿಣಾಮವೇನೆಂದರೆ, ಜುಲೇಖಾ ಆ ಹುಡುಗಿಯನ್ನು ನನಗೆ ಗುರುತಿನ, ಉಳ್ಳಾಲದ ಆಸುಪಾಸಿನ ಯಾರದೋ ಮಗಳೆಂದೇ ನಂಬಿಬಿಟ್ಟಳು. ಒಂದು ದಿನ ಮೆಟ್ಟಿಲಲ್ಲಿ ತಡೆದು, "ಆ ಹುಡುಗಿಯ ಪೇಪರ್ ಎಂತಾಯ್ತು? ನಾನು ದಿನಾ ದುವಾ ಮಾಡ್ತಾ ಇದ್ದೇನೆ ಮಾರಾಯ್ತಿ" ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಅದು ಕತೆ, ಹುಡುಗಿ ಆಫ್ರಿಕದವಳು ಎಂದು ತಿಳಿಸಿದೆ. ಅವಳು ದಾರಿ ಬಿಡಲಿಲ್ಲ. "ಆಫ್ರಿಕದವಳಾ? ಆದ್ರೆಂತ, ಪೇಪರ್ ಸಿಕ್ಕಿತಾ ಇಲ್ವಾ ಅದು ಹೇಳು."

ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಆ ಲೇಖಕರು ಮಹಾಯುದ್ಧಗಳನ್ನೂ ಮಹಾಪುರುಷರನ್ನೂ ಪಕ್ಕಕ್ಕೆ ಸರಿಸಿ, ವಲಸೆ ಕಚೇರಿಯ ಪ್ಲಾಸ್ಟಿಕ್ ಕುರ್ಚಿ, ಊರಿಗೆ ಕಳಿಸುವ ರಟ್ಟಿನ ಪೆಟ್ಟಿಗೆ, ಫೋನಿನಲ್ಲಿ ಹೇಳಿದ ಸುಳ್ಳು ಇವುಗಳ ಬಗ್ಗೆ ಬರೆಯುತ್ತಾರೆ. ಯಾವ ನಾಚಿಕೆಯೂ ಇಲ್ಲದೆ ಬರೆಯುತ್ತಾರೆ! ನಾವಾದರೋ ಊರಿಗೆ ಹೋಗುವಾಗ ಸೆಂಟು, ಖರ್ಜೂರ, ಹಾಲಿನ ಪುಡಿಯ ಡಬ್ಬಗಳ ಜೊತೆಗೆ ಸುಖದ ಸುದ್ದಿಯನ್ನಷ್ಟೇ ಕಟ್ಟಿಕೊಂಡು ಹೋಗುವವರು. ಬಹರೈನಿನಲ್ಲಿ ಹೇಗಿದ್ದೀರಿ ಎಂದರೆ ಫಸ್ಟ್ ಕ್ಲಾಸ್ ಎನ್ನುವವರು. ನಾವು ನಮ್ಮವರಿಂದ ಬಚ್ಚಿಟ್ಟದ್ದನ್ನು ಎಂದೂ ಕಾಣದ ಖಂಡದ ಮಂದಿ ಎಷ್ಟು ಸಲೀಸಾಗಿ ಆಡಿಬಿಟ್ಟರಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ಅಷ್ಟರಲ್ಲಿ ಉಳ್ಳಾಲದಲ್ಲಿ ಜುಲೇಖಾಳ ತಾಯಿ, ಅವಳ ಉಮ್ಮ, ಹಾಸಿಗೆ ಹಿಡಿದರು. ತಮ್ಮನೂ ಅವನ ಹೆಂಡತಿಯೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು, ಆ ಚಿಂತೆಯಿರಲಿಲ್ಲ. ಆದರೆ ಇಲ್ಲಿ ಕೋಲ್ಡ್ ಸ್ಟೋರಿನ ಮಾಲೀಕ ಬದಲಾಗಿ ಇವರೆಲ್ಲರ ವೀಸಾ ಹೊಸಬನ ಹೆಸರಿಗೆ ಆಗಬೇಕಿತ್ತು. ಆಗುವ ಮೊದಲು ದೇಶ ಬಿಟ್ಟರೆ ಮರಳಿ ಬರುವುದು ಕಷ್ಟ, ಇಬ್ಬರು ಮಕ್ಕಳು ಇಲ್ಲಿನ ಶಾಲೆಯಲ್ಲಿ. ಕೇಳಲು ಹೋದಾಗಲೆಲ್ಲ ಬುಕ್ರಾ, ಅಂದರೆ ನಾಳೆ ಬಾ, ಎಂಬ ಉತ್ತರ. ಉಮ್ಮನನ್ನು ಒಮ್ಮೆ ಕಣ್ಣಾರೆ ಕಾಣಬೇಕು, ಅಷ್ಟೇ ಅವಳಿಗೆ ಬೇಕಾದದ್ದು.

ಕಾದಂಬರಿ ಅಷ್ಟು ಹೊತ್ತಿಗೆ ಎಲ್ಲಿಗೆ ಬಂದಿತ್ತೆಂದು ನೀವು ಊಹಿಸಬಲ್ಲಿರಿ. ನಮ್ಮ ಹುಡುಗಿಯ ತಾಯಿ ತೀರಿಕೊಳ್ಳುತ್ತಾಳೆ, ಹೋದರೆ ಬರಲಾರಳೆಂಬ ಕಾರಣಕ್ಕೆ ಇವಳು ಹೋಗಲಾರಳು. ಮಗಳು ಆ ಪುಟ ಓದಿ ನನ್ನ ಮುಖ ನೋಡಿದಳು. ನಾನು ಹಿಂದುಮುಂದು ಯೋಚಿಸದೆ ಹುಡುಗಿಯನ್ನು ವಿಮಾನ ಹತ್ತಿಸಿಬಿಟ್ಟೆ.

"ಅಮ್ಮಾ, ನೋ!" ಎಂದಳು ಅನ್ವಿತಾ. "ಬುಕ್ಕಲ್ಲಿ ಹಾಗಿಲ್ಲ. ಅವಳು ಹೋಗೋದೇ ಇಲ್ಲ."

ನಲ್ಲಿಯ ನೀರು ಸುಮ್ಮನೆ ಸುರಿಯುತ್ತಿತ್ತು. ಜುಲೇಖಾ ಅದನ್ನು ನಿಲ್ಲಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನೀನು ಓದು ಮಗಾ. ಇದ್ದದ್ದು ಇದ್ದ ಹಾಗೆ ಹೇಳ್ಲಿಕ್ಕೆ ನಿನ್ನ ಅಮ್ಮನಿಗೆ ನಾನು ಹೇಳ್ತೇನೆ."

ಇದ್ದ ಹಾಗೆಯೇ ಹೇಳಿದೆ. ಹುಡುಗಿ ಫೋನಿನಲ್ಲಿ ತಂಗಿಗೆ, ಯಾರ ಮಾತೂ ಬೇಡ, ಫೋನನ್ನು ಅಡಿಗೆಮನೆಯಲ್ಲಿ ಇಟ್ಟುಬಿಡು, ಮನೆಯ ಸದ್ದು ಕೇಳುತ್ತಿರುತ್ತೇನೆ ಎನ್ನುತ್ತಾಳೆ. ಜುಲೇಖಾಗೆ ಸಿಟ್ಟು ಬಂತು. "ತಾಯಿ ಹೋದಾಗ ಪಾತ್ರೆಯ ಶಬ್ದ ಯಾರಿಗೆ ಬೇಕು? ಬರೆದವಳಿಗೆ ತಲೆ ಸರಿ ಇಲ್ಲ" ಎಂದು ಮೀನು ಅರ್ಧಕ್ಕೇ ಬಿಟ್ಟು ಹೋದಳು. ಮುಂದಿನ ಶುಕ್ರವಾರ ಬರಲಿಲ್ಲ. ಪುಸ್ತಕವೂ ಮುಂದಕ್ಕೆ ಹೋಗಲಿಲ್ಲ. ಮಗಳು ಉಳಿದದ್ದನ್ನು ಕೋಣೆಯಲ್ಲೇ ಓದಿ ಮುಗಿಸಿದಳು.

ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡಲು ಬಾಗಿಲು ತೆರೆದರೆ ಜುಲೇಖಾ ಫೋನು ಹಿಡಿದು ನಿಂತಿದ್ದಳು. ಉಮ್ಮ ಹೋಗಿದ್ದರು. ವೀಸಾ ಇನ್ನೂ ಆಗಿರಲಿಲ್ಲ. ನಾನು ಅವಳನ್ನು ಒಳಗೆ ಕರೆದು ಅಡಿಗೆಮನೆಯ ಕುರ್ಚಿಯಲ್ಲಿ ಕೂರಿಸಿದೆ. ತಮ್ಮ ವಿಡಿಯೋದಲ್ಲಿ ಉಮ್ಮನ ಮುಖ ತೋರಿಸಿದ. ಇವಳು ನೋಡಿದಳು, ಬಾಯಿಯೊಳಗೇ ಪ್ರಾರ್ಥನೆ ಹೇಳಿದಳು, ಅಳಲಿಲ್ಲ. ನೆಂಟರು ಒಬ್ಬೊಬ್ಬರಾಗಿ ಫೋನಿಗೆ ಬಂದು ಸಮಾಧಾನ ಹೇಳತೊಡಗಿದಾಗ ತಮ್ಮನ ಹೆಂಡತಿಯನ್ನು ಕರೆದು, "ಇನ್ನು ಯಾರೂ ಮಾತಾಡುದು ಬೇಡ. ಫೋನ್ ಅಡಿಗೆಮನೆಯಲ್ಲಿ ಇಡು. ಕಟ್ ಮಾಡ್ಬೇಡ" ಎಂದಳು.

ನಾನು ಕೆಲಸಕ್ಕೆ ಹೋಗಲಿಲ್ಲ. ಇಬ್ಬರೂ ಮೇಜಿನ ಮೇಲೆ ಫೋನಿಟ್ಟುಕೊಂಡು ಉಳ್ಳಾಲದ ಆ ಮನೆಯನ್ನು ಕೇಳುತ್ತ ಕುಳಿತೆವು. ಚಪ್ಪಲಿಗಳ ಸದ್ದು, ಬಾವಿಯ ರಾಟೆ, ಕಾಗೆ, ನೆರೆಯವರು ತಂದ ಚಹಾದ ಲೋಟಗಳು. ಆಮೇಲೆ ಹೆಂಗಸರ ಗಡಿಬಿಡಿ. ಉಮ್ಮನನ್ನು ಮೀಯಿಸಲು ನೀರು ಕಾಯಿಸಬೇಕು, ದೊಡ್ಡ ಹಂಡೆ ಎಲ್ಲಿ? ಬಚ್ಚಲಲ್ಲಿಲ್ಲ, ಉಗ್ರಾಣದಲ್ಲಿಲ್ಲ. ಉಮ್ಮನಿಗಲ್ಲದೆ ಯಾರಿಗೆ ಗೊತ್ತು ಎಂದು ಯಾರೋ ಅಂದರು.

ಜುಲೇಖಾ ಫೋನಿಗೆ ಬಾಗಿದಳು. "ಅಟ್ಟದ ಮೇಲೆ ನೋಡಿ. ತೆಂಗಿನಕಾಯಿ ರಾಶಿಯ ಹಿಂದೆ, ಗೋಣಿ ಮುಚ್ಚಿ ಇಟ್ಟಿದ್ದಾರೆ. ಅವರಿಗೆ ನೀರು ತುಂಬಾ ಬಿಸಿ ಆಗುದಿಲ್ಲ, ಹದ ನೋಡಿ ಹಾಕಿ."

ಅಲ್ಲಿ ಏಣಿ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ತಾಮ್ರ ನೆಲಕ್ಕೆ ತಾಗಿತು. ಕೊಡದ ಮೇಲೆ ಕೊಡ ನೀರು ಬೀಳುತ್ತ ಹಂಡೆ ತುಂಬತೊಡಗಿತು. ಜುಲೇಖಾ ಆಗ ಅತ್ತಳು.